ಬಸ್ಸಿನಲ್ಲಿ ಗೆಜೆಟ್ಟು ಓದುತ್ತಿದ್ದ ಮಾವ

ನಮ್ಮ ಮಾವ ಶಾಸಕರಾಗಿದ್ದ ಐದು ವರ್ಷಗಳಲ್ಲಿ ಒಬ್ಬನೇ ಒಬ್ಬ ಬಂಧುವಿಗೂ ಸರ್ಕಾರಿ ನೌಕರಿ ಸಿಗಲಿಲ್ಲ! ಇದನ್ನು ದೂರು ಎಂದು ತಿಳಿಯಬೇಡಿ, ವರದಿ ಎಂದು ತಿಳಿಯಿರಿ. ಬಳ್ಳಾರಿಯ ಒಂದು ಸಣ್ಣ ಪತ್ರಿಕೆಯಲ್ಲಿ ಬಹಳ ವರ್ಷ ಸುದ್ದಿ ಬರೆದವನು ನಾನು. ಎರಡು ಕಡೆ ವಿಚಾರಿಸದೆ ಏನನ್ನೂ ಬರೆಯುವುದಿಲ್ಲ. ಈ ವಿಷಯದಲ್ಲಂತೂ ಹನ್ನೊಂದು ಮಂದಿ ಬಂಧುಗಳನ್ನು ವಿಚಾರಿಸಿದ್ದೇನೆ. ಹನ್ನೊಂದನೆಯವನು ನಾನೇ.

ಎಪ್ಪತ್ತರ ದಶಕದ ಮಾತು. ಮಾವ ಎಂದರೆ ನನ್ನ ತಾಯಿಯ ತಮ್ಮ. ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ. ಗೆದ್ದ ಮೇಲೆ ಮನೆ ಮಾಡಿದ್ದು ಬಳ್ಳಾರಿಯ ಪಾರ್ವತಿನಗರದಲ್ಲಿ. ಹಣೆ ತುಂಬ ವಿಭೂತಿ, ಹೆಗಲಿಗೊಂದು ಖಾದಿ ಚೀಲ, ಚೀಲದಲ್ಲಿ ಸದಾ ಎರಡು ವಸ್ತು: ಮಂಡಕ್ಕಿ ಮತ್ತು ಸರ್ಕಾರದ ಗೆಜೆಟ್ಟು. ಮಂಡಕ್ಕಿ ತಿನ್ನಲು, ಗೆಜೆಟ್ಟು ಮನೆಯಲ್ಲಿ ಕುಳಿತು ಓದಲು ಎಂದುಕೊಂಡಿರಾ? ಹಾಗಾದರೆ ನೀವು ನಮ್ಮ ಮಾವನನ್ನು ನೋಡಿಲ್ಲ.

ಮೊದಲು ಮಂಡಕ್ಕಿಯ ಕಥೆ. ಒಂದು ವರ್ಷ ಮಂಡಕ್ಕಿಯ ಮೇಲೆ ಮಾರಾಟ ತೆರಿಗೆ ಬೀಳುತ್ತದೆ ಎಂಬ ಮಾತು ಹಬ್ಬಿತು. ಮಂಡಕ್ಕಿ ಹುರಿಯುವ ಭಟ್ಟಿ ನಡೆಸುವವರೆಲ್ಲ ಪಾರ್ವತಿನಗರದ ಮನೆಯ ಅಂಗಳದಲ್ಲಿ ಬಂದು ಕುಳಿತರು. ಮಾವ ಒಂದು ಚೀಲ ಮಂಡಕ್ಕಿ ಹೊತ್ತು ಬೆಂಗಳೂರಿಗೆ ಹೊರಟೇಬಿಟ್ಟರು. ವಿಧಾನಸಭೆಯ ಬಾಗಿಲಲ್ಲಿ ಕಾವಲಿನವನು ತಡೆದ.

"ಇದೇನು ಸ್ವಾಮಿ?"

"ಸಾಕ್ಷಿ ಐತಪ."

ಸಾಕ್ಷಿಯನ್ನು ಪರೀಕ್ಷಿಸಲು ಕಾವಲಿನವನು ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಅವನ ಗೆಳೆಯನೂ ಪರೀಕ್ಷಿಸಿದ. ಮೊಗಸಾಲೆಯಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಪರೀಕ್ಷಿಸಿದವು. ಮಾವ ಮಾತಾಡಲು ಎದ್ದಾಗ ಉಳಿದದ್ದು ಒಂದೇ ಮುಷ್ಟಿ. ಅದನ್ನೇ ಎತ್ತಿ ಹಿಡಿದರು: "ಇದರಾಗ ಅರ್ಧ ಅಕ್ಕಿ, ಅರ್ಧ ಗಾಳಿ. ಅಕ್ಕಿ ಮ್ಯಾಲಿನ ತೆರಿಗಿ ನೀವು ಆಗ್ಲೇ ತಗೊಂಡೀರಿ. ಈಗ ಕೇಳಾಕತ್ತಿರೋದು ಗಾಳಿ ಮ್ಯಾಲಿಂದು!"

ಸಭೆ ನಕ್ಕಿತು. ತೆರಿಗೆ ಬರಲಿಲ್ಲ. ಅದು ಮಾವನ ವಾದಕ್ಕೆ ಹೆದರಿತೋ, ಮರುವಾರ ಹೋದ ವರ್ತಕರ ನಿಯೋಗಕ್ಕೆ ಹೆದರಿತೋ, ನನ್ನ ಬಳಿ ದಾಖಲೆಯಿಲ್ಲ. ಹಾಗಾಗಿ ನಾಲ್ಕೇ ಸಾಲು ಬರೆದೆ. ಮಾವ ಪತ್ರಿಕೆ ಹಿಡಿದು ಬಂದರು.

"ಲೇ ಅಳಿಯಾ, ನಾಕೇ ಸಾಲೇನೋ?"

"ಎಂಟಿದ್ವು ಮಾಮಾ. ಗಾಳಿ ತಗದ್ನಿ."

ಇನ್ನು ಗೆಜೆಟ್ಟು. ಒಮ್ಮೆ ಮಾವ ಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರು: ನೌಕರಿಯ ಪ್ರಕಟಣೆ ಬೆಂಗಳೂರು ಬಿಟ್ಟದ್ದು ಯಾವತ್ತು, ಸಿರುಗುಪ್ಪದ ತಾಲ್ಲೂಕು ಕಚೇರಿಯ ಬೋರ್ಡಿಗೆ ಹತ್ತಿದ್ದು ಯಾವತ್ತು? ಉತ್ತರ ಲಿಖಿತವಾಗಿ ಬಂತು. ಬೋರ್ಡಿಗೆ ಹತ್ತುವ ಹೊತ್ತಿಗೆ ಅರ್ಜಿ ಹಾಕುವ ಕೊನೆಯ ದಿನ ಮುಗಿದು ಒಂಬತ್ತು ದಿನವಾಗಿತ್ತು! ಸಭೆ ಮತ್ತೆ ನಕ್ಕಿತು. ಈ ಸಲ ಮಾವ ನಗಲಿಲ್ಲ. ಮರುವಾರದಿಂದ ಪ್ರಕಟಣೆಯನ್ನು ತಾವೇ ಹೊತ್ತು ತಿರುಗತೊಡಗಿದರು.

ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬೆಳಗಿನ ಬಸ್ಸು ಅವರ ಕಚೇರಿ. ಅದರಲ್ಲಿ ಶಾಸಕರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಅವರು ಕೂತದ್ದನ್ನು ಯಾರೂ ನೋಡಿಲ್ಲ; ಮೇಕೆಯೊಂದು ಕೂತದ್ದನ್ನು ನಾನೇ ನೋಡಿದ್ದೇನೆ. ಕುರುಗೋಡಿನಲ್ಲಿ ಬಸ್ಸು ನಿಂತೊಡನೆ ಮಾವ ಫುಟ್‌ಬೋರ್ಡಿನ ಮೇಲೆ ನಿಂತು ಖಾಲಿ ಹುದ್ದೆಗಳನ್ನು ಗಟ್ಟಿಯಾಗಿ ಓದುವರು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ.

"ಬರ್ಕೊಳ್ರಿ, ಬರ್ಕೊಳ್ರಿ! ಬೇಕೋ ಬ್ಯಾಡೋ ಆಮ್ಯಾಲೆ ನೋಡೂಣು!"

"ಸಾಹೇಬ್ರ, ಟೈಮ್ ಆತ್ರಿ," ಎಂದು ಕಂಡಕ್ಟರು ಗೋಗರೆಯುವನು.

"ನಿನ್ನ ಬಸ್ಸು ನಾಳಿನೂ ಬರ್ತೈತಪ. ಈ ಅರ್ಜಿಗೆ ಸೋಮವಾರನ ಕೊನಿ!"

ಬೇಕೋ ಬೇಡವೋ ನೋಡದೆ ಬರೆದುಕೊಂಡರೆ ಏನಾಗುತ್ತದೆ? ಕೊಳಗಲ್ಲಿನ ಪೈಲ್ವಾನನೊಬ್ಬ ಹೆರಿಗೆ ದಾದಿಯರ ತರಬೇತಿಗೆ ಅರ್ಜಿ ಹಾಕಿದ! ಅರ್ಜಿ ವಾಪಸು ಬಂದಾಗ ಸೀದಾ ಪಾರ್ವತಿನಗರಕ್ಕೆ ಬಂದು ಮೀಸೆ ತಿರುವುತ್ತ ನಿಂತ. "ಎಸ್ಸೆಸ್ಸೆಲ್ಸಿ ಆಗೇತಿ, ಆರೋಗ್ಯ ಚೊಲೊ ಐತಿ. ನಂದೇನ್ ಕಮ್ಮಿ ಆತ್ರಿ?"

ನಾನು ಒಳಮನೆಗೆ ಓಡಿ ನಕ್ಕು ಬಂದೆ. ಮಾವ ಗಂಭೀರವಾಗಿ ಅರ್ಜಿ ಓದುತ್ತಿದ್ದರು. "ಕಮ್ಮಿ ಏನಿಲ್ಲಪ. ಅರ್ಜಿ ಭಾಳ ಚಂದ ಬರದೀ. ಪೊಲೀಸಿಂದು ಬರ್ತೈತಿ, ಮ್ಯಾಲಿನ ಸಾಲು ಅಷ್ಟ ಬದ್ಲಿ ಮಾಡು." ಆತ ಪೊಲೀಸನಾದ. ಸೈಕಲ್ಲಿಗೆ ದೀಪವಿಲ್ಲವೆಂದು ನನ್ನನ್ನೇ ಎರಡು ಸಲ ಹಿಡಿದ.

ನನ್ನ ಸರದಿಯೂ ಬಂತು. ಆಗ ನಾನು ಪತ್ರಿಕೆಯಲ್ಲಿ ಬಿಡಿ ಸುದ್ದಿ ಬರೆಯುವವನು, ಕಾಯಂ ಅಲ್ಲ. ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತನ ಹುದ್ದೆ ಖಾಲಿಯಾಯಿತು. ಒಂದೇ ಒಂದು. ಆ ಕುರ್ಚಿಯಲ್ಲಿ ಕೂತ ಹಾಗೆ ನನಗೆ ಹಗಲುಗನಸು ಬೀಳುತ್ತಿತ್ತು. ಅವ್ವ ತಮ್ಮನ ಮುಂದೆ ಹೋಗಿ ಕುಳಿತಳು.

"ತಮ್ಮಾ, ಒಂದು ಚೀಟಿ ಬರ್ದುಕೊಡು. ನಿನ್ನ ಮಾತಿಗೆ ಯಾರು ಇಲ್ಲ ಅಂತಾರ?"

"ಅರ್ಜಿ ಹಾಕ್ಲಿ ಅಕ್ಕಾ. ಚೀಟಿ ಕೊಟ್ರ ನಾ ಬಸ್ಸಿನಾಗ ಓದಿದ್ದೆಲ್ಲಾ ಸುಳ್ಳಾಗ್ತೈತಿ."

ಚೀಟಿ ಬೇಡ, ಆ ಒಂದು ಪ್ರಕಟಣೆಯನ್ನು ಓದದೆ ಬಿಟ್ಟರೂ ಸಾಕಿತ್ತಲ್ಲ! ಆ ಬೆಳಿಗ್ಗೆ ನಾನೂ ಬಸ್ಸಿನಲ್ಲಿದ್ದೆ. ಕುರುಗೋಡು ಬಂತು. ಮಾವ ಗೆಜೆಟ್ಟು ಬಿಡಿಸಿದರು, ನನ್ನ ಕಡೆ ಒಮ್ಮೆ ನೋಡಿದರು. ಓದಿದರು. ತೆಲುಗಿನಲ್ಲಿ ಇನ್ನೂ ಗಟ್ಟಿಯಾಗಿ. ಕಿಟಕಿಯ ಕೆಳಗೆ ನಿಂತ ಹುಡುಗಿಯೊಬ್ಬಳು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ನೌಕರಿ ಅವಳಿಗೆ ಸಿಕ್ಕಿತು.

ಎರಡು ವರ್ಷ ನಾನು ಪಾರ್ವತಿನಗರದ ಕಡೆ ಮುಖ ಹಾಕಲಿಲ್ಲ. ಸಭೆಗಳಲ್ಲಿ ಎದುರಾದರೆ ಅವರು "ವರದಿಗಾರರ, ಚಹಾ ಕುಡದ್ರೇನ್ರಿ?" ಎನ್ನುವರು. ನಾನು "ಆತ್ರಿ ಶಾಸಕ್ರ" ಎನ್ನುವೆ. ಅಷ್ಟೇ ಮಾತು.

ಆಮೇಲೆ ಚುನಾವಣೆ ಬಂತು, ಮಾವ ಸೋತರು. ಹನ್ನೊಂದು ಬಂಧುಗಳಲ್ಲಿ ಎಷ್ಟು ಜನ ಅವರಿಗೆ ಮತ ಹಾಕಿದರೋ, ಅದೂ ನನ್ನ ದಾಖಲೆಯಲ್ಲಿಲ್ಲ. ಒಂದು ಬೆಳಿಗ್ಗೆ ಮಾವ, ಅಷ್ಟರಲ್ಲಿ ನಾನು ಕಾಯಂ ಆಗಿದ್ದ ನಮ್ಮ ಪತ್ರಿಕೆಯ ಬಾಗಿಲಲ್ಲಿ ಬಂದು ನಿಂತರು. ಚೀಲ ಜೋತುಬಿದ್ದಿತ್ತು.

"ಅಳಿಯಾ, ಗೆಜೆಟ್ಟು ಈಗ ನನಗ ಬರೂದಿಲ್ಲ. ಕುರುಗೋಡಿನಾಗ ಮಂದಿ ಕಾಯ್ತಾರ. ಖಾಲಿ ಹುದ್ದೆ ನಿಮ್ಮ ಪೇಪರಿನಾಗ ಹಾಕ್ತೀಯೇನು?"

ತಮಗಾಗಿ ಏನನ್ನೂ ಕೇಳದಿದ್ದ ಮನುಷ್ಯ, ನೌಕರಿ ತಪ್ಪಿದವನ ಹತ್ತಿರ ಬಂದು ನೌಕರಿಯ ಸುದ್ದಿ ಕೇಳುತ್ತಿದ್ದರು. ಕುರ್ಚಿ ಎಳೆದು ಕೂರಿಸಿದೆ. ಚಹಾ ತರಿಸಿದೆ. "ಹಾಕ್ತೀನಿ ಮಾಮಾ" ಎಂದೆ. ಎರಡು ವರ್ಷದ ಮೇಲೆ ಆ ಶಬ್ದ ಬಾಯಿಗೆ ಬಂದಿತ್ತು.

ಪ್ರತಿ ವಾರ ಮೂರನೇ ಪುಟದಲ್ಲಿ ಖಾಲಿ ಹುದ್ದೆಗಳ ಪಟ್ಟಿ ಬರತೊಡಗಿತು. ಮಾವ ಅದನ್ನು ಹಿಡಿದು ಅದೇ ಬಸ್ಸು ಹತ್ತುವರು. ಸಿರುಗುಪ್ಪದ ತಾಲ್ಲೂಕು ಕಚೇರಿಯ ಬೋರ್ಡಿನಲ್ಲೂ ಆ ಪಟ್ಟಿಯನ್ನು ಕತ್ತರಿಸಿ ಅಂಟಿಸಿದ್ದನ್ನು ಒಮ್ಮೆ ಕಂಡೆ. ಯಾರು ಅಂಟಿಸುತ್ತಾರೆಂದು ವಿಚಾರಿಸಿದೆ. ಅಂಗೈ ಮೇಲೆ ಬರೆದುಕೊಂಡಿದ್ದ ಆ ಹುಡುಗಿ.

ಎಂಬತ್ತರ ದಶಕದಲ್ಲಿ ಮಾವ ಬಳ್ಳಾರಿಯ ಆಸ್ಪತ್ರೆ ಸೇರಿದರು. ಮಂಚದ ಪಕ್ಕ ಕುಳಿತ ನನ್ನ ಜೇಬಿನಲ್ಲಿ ಆ ವಾರದ ಮೂರನೇ ಪುಟದ ಕರಡು ಅವರಿಗೆ ಕಂಡಿತು. "ಓದು" ಎಂದರು. ಓದಿದೆ. ಒಂದು ಬೆರಳು ಎತ್ತಿದರು. ತೆಲುಗಿನಲ್ಲೂ ಓದಿದೆ.

"ಕೊನಿ ತಾರೀಖು?"

"ಮುಂದಿನ ಸೋಮವಾರ, ಮಾಮಾ."

"ಹಾಂಗಾರ ಟೈಮ್ ಐತಿ ಬಿಡು," ಎಂದು ಕಣ್ಣು ಮುಚ್ಚಿದರು.

ಶನಿವಾರ ತೀರಿಕೊಂಡರು.

ಆ ಸೋಮವಾರ ಬೆಳಗಿನ ಬಸ್ಸು ಹತ್ತಿದೆ. ಕುರುಗೋಡು ಬಂತು. ಕೆಳಗೆ ಏಳೆಂಟು ಮಂದಿ ಕಾಗದ ಪೆನ್ನು ಹಿಡಿದು ಫುಟ್‌ಬೋರ್ಡಿನ ಕಡೆ ನೋಡುತ್ತಿದ್ದರು. ಪತ್ರಿಕೆ ನನ್ನ ಕೈಯಲ್ಲೇ ಇತ್ತು, ಏಳಲು ಆಗಲಿಲ್ಲ. ಬಸ್ಸು ಹಾಗೆಯೇ ನಿಂತಿತ್ತು. ಟೈಮ್ ಆತು ಎಂದು ಕಂಡಕ್ಟರು ಅನ್ನಲೇ ಇಲ್ಲ.