ಉಪ್ಪು ಹುಡುಕಿಕೊಂಡು ಚೀನಾಕ್ಕೆ

ನಗು ಬರೋ ಸಂಗತಿಗಳು ನನ್ನ ಪಾಲಿಗೆ ನಡೆಯೋದು ನಾನು ನಗೋ ಸ್ಥಿತಿಯಲ್ಲಿ ಇಲ್ಲದಾಗಲೇ. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ. ಇವು ಹೆಂಡತಿ ತೀರಿಹೋದ ವರ್ಷದವು.

೧. ಸಾರು

ಅಮೆರಿಕದ ಬಾಥೆಲ್ ಊರಿನ ನಾರ್ತ್ ಕ್ರೀಕ್‌ನಲ್ಲಿ ಒಂದು ಆಫೀಸಿನ ಕ್ಯಾಂಟೀನು. ಅಲ್ಲಿ ನಾನು ಅಡುಗೆಯವನು. ಅದಕ್ಕೂ ಮುಂಚೆ ಮಂಡ್ಯದಲ್ಲಿ ಮಿಲ್ಟ್ರಿ ಹೋಟೆಲ್ಲು. ಓದು ನಾಲ್ಕನೇ ಕ್ಲಾಸಿಗೆ ನಿಂತಿತು.

ಹೆಂಡತಿ ತೀರಿಕೊಂಡ ಮೇಲೆ ನಾಲಿಗೆ ಸತ್ತುಹೋಯಿತು. ಬಿಸಿ ಗೊತ್ತಾಗ್ತಿತ್ತು, ರುಚಿ, ವಾಸನೆ ಎರಡೂ ಗೊತ್ತಾಗ್ತಿರಲಿಲ್ಲ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ ಎಲ್ಲಾ ಸರಿಯಾಗಿದೆ ಅಂದರು. ನಾನು ಅಂದಾಜಿನ ಮೇಲೆ ಉಪ್ಪು ಹಾಕ್ತಿದ್ದೆ. ಮ್ಯಾನೇಜರ್ ಕರೆದ. "ರಜ ಹಾಕಿ ಎಲ್ಲಾದರೂ ಹೋಗಿ ಬಾ. ಬಂದ ಮೇಲೂ ಹೀಗೇ ಆದರೆ ಒಲೆ ಬೇರೆಯವರಿಗೆ. ನೀನು ಆಲೂಗಡ್ಡೆ ಸುಲಿ" ಅಂದ. ಮನೇಲಿ ಯಾರೂ ಇಲ್ಲ. ನನಗೆ ಉಳಿದಿದ್ದು ಆ ಒಲೆ ಒಂದೇ.

ತಪ್ಪು ಅವನದಲ್ಲ. ಆ ವಾರವೇ ಹಾಸನದ ಕಡೆಯ ಇಂಜಿನಿಯರ್ ಹುಡುಗಿ ಕೌಂಟರಿಗೆ ಬಂದಿದ್ದಳು.

"ಅಂಕಲ್, ಸಾರಿಗೆ ಉಪ್ಪು ಮರೆತ್ರಾ?"

ಮಾರನೇ ದಿನ ಕೈ ಬಿಟ್ಟು ಹಾಕಿದೆ. ಮತ್ತೆ ಬಂದಳು.

"ಅಂಕಲ್, ನಿನ್ನೇದೂ ಸೇರಿಸಿ ಇವತ್ತೇ ಹಾಕಿಬಿಟ್ರಾ?"

೨. ಉಷ್ಣ, ತಂಪು

ನನ್ನ ಪಕ್ಕದ ಒಲೆಯಲ್ಲಿ ನೂಡಲ್ಸ್ ಮಾಡೋನು ಚೀನಾದವನು. ಆ ದೇಶದ ಈಶಾನ್ಯ ಮೂಲೆ ಅವನೂರು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆ. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಅರ್ಥ ಆಗ್ತಿತ್ತು.

"ನಿನ್ನೊಳಗೆ ಚಳಿ ಹೊಕ್ಕಿದೆ. ಉಷ್ಣದ ಊಟ ಬೇಕು" ಅಂದ.

ಉಷ್ಣ, ತಂಪು ನಮ್ಮಲ್ಲೂ ಉಂಟಲ್ಲ. ಕೂತು ಲೆಕ್ಕ ಹಾಕಿದೆವು. ಕುರಿ ಮಾಂಸ ಉಷ್ಣ, ಒಪ್ಪಿದ. ಶುಂಠಿ ಉಷ್ಣ, ಒಪ್ಪಿದ. ಸೌತೆಕಾಯಿ ತಂಪು, ಅದಕ್ಕೂ ಒಪ್ಪಿದ. ನೀನು ದಿನಾ ಏನು ತಿಂತೀಯ ಅಂದ. ರಾಗಿ ಮುದ್ದೆ, ಅದು ತಂಪು ಅಂದೆ.

"ಹಾಗಾದರೆ ಬಿಟ್ಟುಬಿಡು."

"ಬಿಟ್ಟರೆ ನನ್ನನ್ನ ಮಂಡ್ಯದೋರು ಬಿಡಲ್ಲ."

ಅವರ ಹೊಸವರ್ಷಕ್ಕೆ ಅವನು, ಅವನ ಹೆಂಡತಿ ಊರಿಗೆ ಹೊರಟಿದ್ದರು. "ನೀನೂ ಬಾ. ನಮ್ಮಮ್ಮನ ಅಡುಗೆ ತಿಂದರೆ ಹೆಣವೂ ಎದ್ದು ಕೂರುತ್ತೆ. ಆದರೆ ಚಳಿ ತಡೀತೀಯಾ?" ಅಂದ.

"ಇಲ್ಲೇ ಸ್ನೊಕ್ವಾಲ್ಮಿ ಬೆಟ್ಟದ ಹಿಮ ನೋಡಿದೀನಪ್ಪ" ಅಂದೆ.

ಅವನು ನಕ್ಕ. ಹೋಗಿ ಹೆಂಡತಿಗೆ ಹೇಳಿದ, ಅವಳು ನಕ್ಕಳು. ಮಾರನೇ ದಿನ ಪಾತ್ರೆ ತೊಳೆಯೋರೆಲ್ಲ ನನ್ನ ಮುಖ ನೋಡಿ ನಗ್ತಿದ್ದರು.

೩. ಮೀಸೆ

ಅವನೂರಲ್ಲಿ ರೈಲಿಳಿದು ಉಸಿರು ಬಿಟ್ಟೆ. ಅದು ಮೀಸೆ ಮೇಲೇ ಕೂತು ಗಟ್ಟಿಯಾಯಿತು. ಕೈ ಎತ್ತಿದೆ. ಕರೆದೊಯ್ಯಲು ಬಂದಿದ್ದ ಪಕ್ಕದ ಒಲೆಯವನ ತಮ್ಮ ಕೂಗಿಕೊಂಡ. "ಮುಟ್ಟಬೇಡಿ, ಮುರಿದೀತು!"

ರಸ್ತೆ ಬದಿಯಲ್ಲಿ ರಟ್ಟಿನ ಡಬ್ಬ ಇಟ್ಟುಕೊಂಡು ಒಬ್ಬಳು ಐಸ್‌ಕ್ಯಾಂಡಿ ಮಾರ್ತಿದ್ದಳು. ಫ್ರಿಜ್ಜಿಲ್ಲ, ಏನಿಲ್ಲ. ಜನ ಸಾಲುಗಟ್ಟಿ ತಿಂತಿದ್ದರು.

"ಈ ಚಳೀಲಿ ಐಸಾ?" ಅಂದೆ.

ಪಕ್ಕದ ಒಲೆಯವನು ತಾನೂ ಒಂದು ಚೀಪ್ತಾ ಹೇಳಿದ. "ಹೊರಗಿನ ಗಾಳಿಗಿಂತ ಇದೇ ಬೆಚ್ಚಗಿದೆ."

೪. ಒಲೆಯ ಮೇಲೆ

ಅವರ ಮನೆಯಲ್ಲಿ ಇಟ್ಟಿಗೆ ಜಗಲಿಯೇ ಮಂಚ. ಅಡುಗೆ ಒಲೆಯ ಹೊಗೆ ಅದರ ಹೊಟ್ಟೆಯೊಳಗೆ ಹಾದು ಹೋಗುತ್ತೆ. ಮನೆಮಂದಿಯೆಲ್ಲ ಅದರ ಮೇಲೇ ಸಾಲಾಗಿ ಮಲಗ್ತಾರೆ. ಒಲೆ ಪಕ್ಕದ ತುದಿ ಎಲ್ಲಕ್ಕಿಂತ ಬಿಸಿ. ಅದು ಅತಿಥಿಗೆ ಕೊಡೋ ಮರ್ಯಾದೆ. ಬೇಡ ಅನ್ನೋ ಹಾಗಿಲ್ಲ. ಜೀವನವೆಲ್ಲ ಒಲೆ ಮುಂದೆ ನಿಂತವನು ಒಲೆ ಮೇಲೇ ಮಲಗಿದೆ.

ಅದಕ್ಕೂ ಮುಂಚೆ ಊಟ. ಹುಳಿ ಬರಿಸಿದ ಎಲೆಕೋಸು, ಹಂದಿ ಮಾಂಸ, ದಾರದಂಥ ಶಾವಿಗೆ, ಎಲ್ಲ ಒಂದೇ ಕಡಾಯಿಯಲ್ಲಿ ಕೊತಕೊತ. ಮನೆಮಂದಿಯೆಲ್ಲ ನನ್ನ ಬಾಯನ್ನೇ ನೋಡ್ತಿದ್ದರು. ವಿಷಯ ಎಲ್ಲರಿಗೂ ಗೊತ್ತು.

"ಹೇಗಿದೆ?"

"ಬಿಸಿ ಇದೆ" ಅಂದೆ. ಬೇರೇನೂ ಗೊತ್ತಾಗಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು. ನನಗೆ ಆಲೂಗಡ್ಡೆ ರಾಶಿ ಕಣ್ಮುಂದೆ ಬಂತು.

ಬೆಳಿಗ್ಗೆ ಏಳೋ ಹೊತ್ತಿಗೆ ಬಲ ಮಗ್ಗುಲು ದೋಸೆ ತಳದ ಹಾಗೆ ಕೆಂಪಗಾಗಿತ್ತು.

"ಚೆನ್ನಾಗಿ ನಿದ್ದೆ ಬಂತಾ?" ಅಂತ ತಮ್ಮ ಕೇಳಿದ.

"ಈ ಕಡೆ ಬೆಂದಿದೆ. ಇನ್ನೊಂದು ಕಡೆಗೆ ಇವತ್ತು ತಿರುಗಿಸಿ ಹಾಕಿ" ಅಂದೆ.

೫. ಮೂಗು

ಹೊಸವರ್ಷದ ಹಿಂದಿನ ದಿನ ಕಡುಬು ಮಾಡ್ತಾರೆ. ನಮ್ಮ ಕರ್ಜಿಕಾಯಿ ಆಕಾರ, ಒಳಗೆ ಮಾಂಸ. ಹೂರಣ ಕಲೆಸೋದು ಅಜ್ಜಿ, ಅಂದರೆ ಪಕ್ಕದ ಒಲೆಯವನ ತಾಯಿ. ಹಸಿ ಮಾಂಸ, ಬಾಯಿಗೆ ಹಾಕೋ ಹಾಗಿಲ್ಲ. ಅದಕ್ಕೇ ಅಲ್ಲಿ ಮೂಸಿ ನೋಡಿ ಉಪ್ಪು ಹೇಳ್ತಾರೆ, ಉಪ್ಪು ಬಿದ್ದ ಮಾಂಸದ ವಾಸನೆಯೇ ಬೇರೆಯಂತೆ. ಅಜ್ಜಿ ಬೋಗುಣಿ ಹಿಡಿದು ಬಂದಳು. ಮೂವರು ಸೊಸೆಯರು ಸಾಲಾಗಿ ಮೂಸಿದರು, ಮೂವರೂ "ಭೇಷ್" ಅಂದರು. ಆ ಮನೇಲಿ ಅದು ಬಿಟ್ಟು ಬೇರೆ ಮಾತಿಲ್ಲವಂತೆ.

ಮರ್ಯಾದೆಗೆ ನನ್ನ ಮೂಗಿಗೂ ಹಿಡಿದಳು. ಎಳೆದುಕೊಂಡೆ. ಶುಂಠಿ ಬಂತು. ಈರುಳ್ಳಿ ಸೊಪ್ಪು ಬಂತು. ಎಳ್ಳೆಣ್ಣೆ ಬಂತು. ಆಮೇಲೆ ಬರಬೇಕಾದ್ದು ಬರಲಿಲ್ಲ.

"ಉಪ್ಪಿಲ್ಲ" ಅಂದುಬಿಟ್ಟೆ, ಕನ್ನಡದಲ್ಲಿ.

"ಏನಂದೆ?" ಅಂದ ಪಕ್ಕದ ಒಲೆಯವನು. ಇಂಗ್ಲಿಷಲ್ಲಿ ಹೇಳಿದೆ. ಅವನ ಮುಖ ಸುಣ್ಣವಾಯಿತು.

"ನಾನಿದನ್ನ ಅಮ್ಮನಿಗೆ ಹೇಳಲ್ಲ. ನಾನು ಈ ಮನೆಗೆ ಮತ್ತೆ ಬರಬೇಕು ಮಾರಾಯ."

ಹೇಳೋದು ಬೇಕಾಗಲಿಲ್ಲ. ಅಜ್ಜಿ ನಮ್ಮಿಬ್ಬರ ಮುಖ ಓದಿದಳು. ಒಂದು ಕಡುಬು ಮಡಿಚಿ ಕುದಿಯೋ ನೀರಿಗೆ ಬಿಟ್ಟಳು. ಬೆಂದಿತು. ಕಚ್ಚಿದಳು. ಅಗಿದಳು. ಮೂವರು ಸೊಸೆಯರನ್ನೂ ಒಬ್ಬೊಬ್ಬರಾಗಿ ನೋಡಿದಳು. ಹೋಗಿ ಉಪ್ಪಿನ ಡಬ್ಬ ತಂದಳು.

ಆಗ ಪಕ್ಕದ ಒಲೆಯವನು ನನ್ನ ಹೆಗಲು ಹಿಡಿದು ಕುಲುಕಿದ. "ಲೋ! ನಿನಗೆ ಗೊತ್ತಾಯ್ತು!"

ನನಗೆ ಅಲ್ಲೀವರೆಗೆ ಹೊಳೆದೇ ಇರಲಿಲ್ಲ. ಅವನು ಕೂಗಿ ಎಲ್ಲರಿಗೂ ಹೇಳಿದ. ತಮ್ಮ ಸಾರಾಯಿ ಸುರಿದ. ಸೊಸೆಯರು ಒಬ್ಬರ ಹಿಂದೊಬ್ಬರು ಬಂದು ನನ್ನ ಕೈ ಕುಲುಕಿದರು. ಅವರ ಸಂತೋಷ ನನ್ನ ನಾಲಿಗೆಗಾಗಿ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟು ವರ್ಷದಲ್ಲಿ ಅತ್ತೆ ಅಡುಗೆಯಲ್ಲಿ ಕೊಂಕು ತೆಗೆದವನು ನಾನೇ ಮೊದಲಂತೆ.

ಕಡುಬು ಬಂತು. ವಿನೆಗರಿನಲ್ಲಿ ಅದ್ದಿ ಬಾಯಿಗಿಟ್ಟೆ. ಮೊದಲು ಹುಳಿ, ಆಮೇಲೆ ಕೊಬ್ಬು, ಕೊನೆಗೆ ಉಪ್ಪು, ಹದವಾಗಿ. ತಟ್ಟೆಗೆ ಮುಖ ಬಗ್ಗಿಸಿ ತಿಂದೆ. ಹಬೆ ಜಾಸ್ತಿ ಇತ್ತು, ಒಳ್ಳೇದಾಯಿತು, ಯಾರಿಗೂ ನನ್ನ ಕಣ್ಣು ಕಾಣಲಿಲ್ಲ.

ಅಜ್ಜಿ ಮಾತ್ರ ನಗಲಿಲ್ಲ. ಹೊರಡೋ ದಿನ ಬಾಗಿಲವರೆಗೆ ಬಂದು, ನನ್ನ ಕೋಟಿನ ಗುಂಡಿ ಹಾಕ್ತಾ ಏನೋ ಗದರಿದಳು.

"ಏನಂತೆ?" ಅಂದೆ.

ಪಕ್ಕದ ಒಲೆಯವನು ನಗು ತಡಕೊಂಡು ಹೇಳಿದ. "ಮುಂದಿನ ವರ್ಷವೂ ಬರಬೇಕಂತೆ. ಊಟದ ಹೊತ್ತಿಗೆ ಬಾ, ಅಡುಗೆ ಹೊತ್ತಿಗೆ ಮಾತ್ರ ಈ ಕಡೆ ತಲೆ ಹಾಕಬೇಡ ಅಂತಿದಾಳೆ."

ಅದನ್ನ ಇಂಗ್ಲಿಷಿಗೆ ತಿರುಗಿಸಿ ಹೇಳೋದೇ ಬೇಡವಾಗಿತ್ತು. ಮನೇಲಿ ಹೆಂಡತಿ ಬಾಯಲ್ಲಿ, ಅದೇ ಸಿಟ್ಟಿನಲ್ಲಿ, ದಿನಾ ಕನ್ನಡದಲ್ಲೇ ಕೇಳಿದ್ದೆ.