ಮೀನುಪೆಟ್ಟಿಗೆಯ ಬಸಳೆ

ಹೆದ್ದಾರಿ ಅಗಲವಾಗುವಾಗ ಹರಿಣಾಕ್ಷಿಯ ಮನೆ ಹೋಯಿತು, ಅಂಗಳದ ಬಸಳೆ ಚಪ್ಪರವೂ ಹೋಯಿತು. ಮನೆಗಾಗಿ ಒಂದು ದಿನ ಅತ್ತಳು. ಚಪ್ಪರಕ್ಕಾಗಿ ಒಂದು ವಾರ. ಹೊಸ ಮನೆ ಏಳುವ ತನಕವೆಂದು ಗಂಡ ಚಂದಯ್ಯ ಕೋಟೇಶ್ವರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ ಹಿಡಿದ. ಕೆಳಗೆ ಒಡತಿ ಸ್ವರ್ಣಲತಾ ಅಮ್ಮ, ಶುದ್ಧ ಸಸ್ಯಾಹಾರಿ. ಅವರ ಕರಾರು ಒಂದೇ: ಮೀನಿನ ವಾಸನೆ ಕೆಳಗಿಳಿದರೆ ಇವರೂ ಗಂಟುಮೂಟೆ ಕಟ್ಟಿ ಇಳಿಯಬೇಕು.

ಮೂವತ್ತು ವರ್ಷ ಮೀನು ಮಾರಿದ ಹೆಂಗಸು ಅಷ್ಟಕ್ಕೆ ಹೆದರುತ್ತಾಳೆಯೇ? ಮೀನು ತುಂಬುವ ಎರಡು ಥರ್ಮಾಕೋಲ್ ಪೆಟ್ಟಿಗೆ ತಂದು, ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ, ಬಾಲ್ಕನಿಯಲ್ಲಿ ಬಸಳೆ ದಂಟು ಊರಿದಳು.

"ಹೆಣೆ, ಆ ಪೆಟ್ಗಿಯೊಳ್ಗ್ ಬಂಗ್ಡಿ ಮೀನ್ ಇಪ್ಪುದ್, ಬಸಳಿ ಅಲ್ಲ," ಎಂದ ಚಂದಯ್ಯ.

"ಕಾಣ್ತಾ ಇರಿ. ದೀಪಾವಳಿಯೊಳ್ಗ್ ಬಸಳಿ-ಸಿಗಡಿ ಪದಾರ್ಥ ಆಗ್ದಿದ್ರೆ ಪೆಟ್ಗಿ ನಾನೇ ಬಿಸಾಡ್ತೆ!"

(ಬಸಳೆಗೆ ಮೀನು ತೊಳೆದ ನೀರಿಗಿಂತ ಮೃಷ್ಟಾನ್ನ ಬೇರಿಲ್ಲ.) ದಿನಾ ಬೆಳಿಗ್ಗೆ ಆ ನೀರಿನ ಚೊಂಬನ್ನು ಸೆರಗಿನಲ್ಲಿ ಮುಚ್ಚಿ ತಂದು ಹೊಯ್ದು, ಪಕ್ಕದಲ್ಲಿ ಎರಡು ಊದುಬತ್ತಿ ಸಿಕ್ಕಿಸುತ್ತಿದ್ದಳು. ಹೆಂಡತಿಗೆ ಇದ್ದಕ್ಕಿದ್ದಂತೆ ಭಕ್ತಿ ಹತ್ತಿತೆಂದು ಚಂದಯ್ಯನಿಗೆ ಗಾಬರಿ.

ದಂಟು ಹೆಬ್ಬೆರಳಷ್ಟು ದಪ್ಪವಾಯಿತು. ಬಳ್ಳಿ ಸರಳು ದಾಟಿ ಕೆಳಗೆ ಜೋತಿತು. ಆದರೆ ಕೊಯ್ಯೋಣವೆಂದು ಎಳೆದರೆ ಕುಡಿಯೇ ಇಲ್ಲ!

"ಹ್ವಾಯ್, ಕುಡಿ ಚಿವ್ಟಿದ್ದ್ ನೀವಾ?"

"ನಾನ್ ಎಂತ ದನವಾ?"

ಒಂದು ದಿನ ಒಡತಿಯ ಬೆಕ್ಕು ಮೆಟ್ಟಿಲ ಬುಡದಲ್ಲಿ ಕೂತು, ಪೆಟ್ಟಿಗೆಯನ್ನೇ ನೋಡುತ್ತ ಮೀಸೆ ನೆಕ್ಕಿಕೊಂಡಿತು. ವಾಸನೆ ಕೆಳಗಿಳಿದಿದೆಯೆಂದು ಹರಿಣಾಕ್ಷಿಗೆ ಖಾತ್ರಿಯಾಯಿತು. ಅಂದಿನಿಂದ ಬರೀ ಬಾವಿ ನೀರು. ಎಲೆ ಹಳದಿಗೆ ತಿರುಗಿತು.

ದೀಪಾವಳಿಯ ಹಿಂದಿನ ದಿನ ಸ್ವರ್ಣಲತಾ ಅಮ್ಮ ಮುಚ್ಚಿದ ಪಾತ್ರೆ ಹಿಡಿದು ಮೇಲೆ ಬಂದೇಬಿಟ್ಟರು. "ಹರಿಣಾಕ್ಷಿ, ಒಂದ್ ಮಾತ್ ಕೇಂಬುಕಿತ್ತ್."

ಹರಿಣಾಕ್ಷಿಯ ಕಣ್ಣೆದುರು ಗಂಟುಮೂಟೆ ಕುಣಿದವು.

"ಆ ನೀರ್ ಹಾಕುದ್ ಎಂತಕ್ ನಿಲ್ಸಿದ್ದ್?"

"ಯಾ...ಯಾವ್ ನೀರಮ್ಮಾ?"

"ಊದುಬತ್ತಿ ಹಚ್ಚಿ ಹಾಕ್ತಿದ್ದ್ಯಲೆ, ಅದೇ! ಮೂರ್ ತಿಂಗ್ಳಿಂದ ನಮ್ಮನಿ ಹುಳಿ ನಡ್ದದ್ದೇ ನಮ್ ಕಿಟಕಿಗ್ ಬಂದ ಕುಡಿಯಿಂದ. ಈಗ ಕಾಣ್, ಸೊರಗಿ ಹೋಯ್ತ್."

"ಮತ್ತೆ... ವಾಸನಿ?"

"ನಾ ಕಿಟಕಿ ಹಾಕ್ಕಂತೆ ಮಾರಾಯ್ತಿ. ಗಿಡ ಎಂತ ತಿಂದ್ರೆ ನಂಗೆಂತ, ನಾ ತಿಂಬುದ್ ಎಲೆ ಅಲ್ದಾ?"

ಪಾತ್ರೆಯಲ್ಲಿತ್ತು ಬಸಳೆ ಹುಳಿ. ಚಂದಯ್ಯ ಮೂರು ಸಲ ಅನ್ನ ಹಾಕಿಸಿಕೊಂಡ. "ದೀಪಾವಳಿಯೊಳ್ಗ್ ನಿನ್ ಬಸಳಿ ಪದಾರ್ಥ ಆಯ್ತಲೆ! ಮಾಡಿದ್ದ್ ಮಾತ್ರ ಅವ್ರ್. ಸಿಗಡಿ ಎಲ್ಲಿತ್ತ್?"

ಹರಿಣಾಕ್ಷಿಯೂ ಉಂಡಳು. ರುಚಿಯಿತ್ತು; ಅದೇ ದೊಡ್ಡ ಸಂಕಟ.

ಮರುದಿನ ಸೆರಗೂ ಇಲ್ಲ, ಊದುಬತ್ತಿಯೂ ಇಲ್ಲ. ಚೊಂಬು ಎತ್ತಿ ಹಿಡಿದು ಕೂಗಿದಳು: "ಅಮ್ಮಾ, ಕಿಟಕಿ ಹಾಕ್ಕಣಿ!"

"ಹಾಕಿ ಆಯ್ತ್!" ಕೆಳಗಿನಿಂದ ಉತ್ತರ ಬಂತು. "ನಮ್ ಮಲ್ಲಿಗಿಗೂ ಒಂದ್ ಚೊಂಬ್ ಇರ್ಲಿ!"