ಉಪ್ಪು ನೋಡುವ ನಾಲಿಗೆ

ನಿಜಾಮುದ್ದೀನನ ತಕರಾರು ಡಾಕ್ಟರ ಮೇಲಿರಲಿಲ್ಲ, ಅವರ ಯಂತ್ರದ ಮೇಲಿತ್ತು. ತೋಳಿಗೆ ಪಟ್ಟಿ ಸುತ್ತಿ ಅಷ್ಟು ಬಿಗಿಯಾಗಿ ಹಿಂಡಿದರೆ ಯಾರ ರಕ್ತ ತಾನೇ ಮೇಲೇರುವುದಿಲ್ಲ? ಆದರೆ ವಿಜಯಪುರದ ಆ ಡಾಕ್ಟರು ಎರಡು ಸಲ ಹಿಂಡಿ ನೋಡಿದರು. ಎರಡೂ ಸಲ ನೂರಾ ಎಪ್ಪತ್ತರ ಮೇಲೆ. ಮಾತ್ರೆ ಬರೆದುಕೊಟ್ಟು, ಉಪ್ಪು ಅರ್ಧಕ್ಕಿಂತ ಕಡಿಮೆಯಾಗಬೇಕು, ಉಪ್ಪಿನಕಾಯಿ ಹಪ್ಪಳ ಮುಟ್ಟಬಾರದು, ದಿನಾ ಅರ್ಧ ತಾಸು ನಡೆಯಬೇಕು ಎಂದರು.

ನಿಜಾಮುದ್ದೀನ ಮದುವೆ ಮನೆಗಳ ಅಡುಗೆಯವನು. ಬಬಲೇಶ್ವರದಿಂದ ವಿಜಯಪುರದ ಗಾಂಧಿ ಚೌಕದವರೆಗೆ ಅವನ ಮಟನ್ ಸಾರಿಗೆ ಹೆಸರಿತ್ತು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದನೆಂದರೆ ಅದೇ ಅಂತಿಮ ತೀರ್ಪು. ಅವನ ಹಂಡೆಯ ಉಪ್ಪನ್ನು ಇನ್ನೊಬ್ಬರು ನೋಡುವಂತಿರಲಿಲ್ಲ.

ತಿಕೋಟಾದ ಮನೆಗೆ ಮರಳಿದ್ದೇ ತಡ, ಹೆಂಡತಿ ಹುಸೇನಬಿ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

"ನಂದು ಬ್ಯಾರೆ ಮಾಡು. ನೀ ಯಾಕ ಸಪ್ಪಂದು ಉಣತಿ?" ಎಂದ ಇವನು.

"ಸುಮ್ಮ ಕೂಡ್ರಿ. ಮೂವತ್ತು ವರ್ಷ ಒಂದ ಗಡಿಗ್ಯಾಗಿಂದು ಉಂಡೇವಿ. ನೀವು ಸಪ್ಪಂದು ಉಂಡ್ರ ನಾನೂ ಸಪ್ಪಂದ."

ಅವನ ಕಣ್ಣು ತುಂಬಿತು. (ಹನಿ ಬಾಯಿಯವರೆಗೆ ಇಳಿದಿದ್ದರೆ ಅಷ್ಟಾದರೂ ಉಪ್ಪು ಸಿಗುತ್ತಿತ್ತು.)

ಮರುದಿನ ಬೆಳಿಗ್ಗೆ ನಡೆಯಲು ಹೊರಟ. ಕೆಲಸವಿಲ್ಲದೆ ನಡೆಯುವವರನ್ನು ಆ ರಸ್ತೆ ಕಂಡಿರಲಿಲ್ಲ. ಓಣಿಯ ಹುಡುಗ ಕರೆಪ್ಪ ಬೈಕು ನಿಲ್ಲಿಸಿಯೇಬಿಟ್ಟ.

"ಕಾಕಾ, ಗಾಡಿ ಕೆಟ್ಟೈತೇನ್ರಿ? ಹತ್ರಿ."

"ಇಲ್ಲೋ ಕರೆಪ್ಪ, ವಾಕಿಂಗ್ ಬಂದೇನಿ."

"ಅದಕ್ಕ ಹೇಳಾಕತ್ತೇನ್ರಿ. ಎಲ್ಲಿತನಕ ವಾಕಿಂಗ್ ಐತಿ ಹೇಳ್ರಿ, ಅಲ್ಲಿತನಕ ಬಿಡ್ತೀನಿ."

ಬೇಡವೆಂದರೆ ಹುಡುಗ ಬೇಸರ ಮಾಡಿಕೊಂಡಾನೆಂದು ಹತ್ತಿದ. ಅವನು ಇಳಿಸಿದಲ್ಲಿಂದ ಎರಡು ಮೈಲಿ ನಡೆದು ವಾಪಸು ಬಂದ.

ಹುಸೇನಬಿಗೆ ಅದೂ ಸಾಲದು. "ಅರ್ಧಾ ತಾಸಿನಾಗ ಏನಾಕ್ಕೈತ್ರಿ? ಇನ್ನೊಂದು ಸುತ್ತು ಹಾಕ್ರಿ," ಎಂದು ದಿನವೂ ಬಾಗಿಲ ತನಕ ಬಂದು ಕಳಿಸುವಳು. ತನ್ನ ಆಯುಷ್ಯದ ಮೇಲೆ ಇವಳಿಗೆಷ್ಟು ಆಸೆ ಎಂದುಕೊಂಡು ಅವನು ಒಂದು ತಾಸು ನಡೆಯತೊಡಗಿದ. ಮೂರು ತಿಂಗಳಿಗೆ ಯಂತ್ರ ನೂರಾ ಮೂವತ್ತಕ್ಕೆ ಇಳಿಯಿತು. ಡಾಕ್ಟರು ಬೆನ್ನು ತಟ್ಟಿದರು.

ಅದೇ ವಾರ ಜೈನಾಪುರದ ಇಸ್ಮಾಯಿಲನ ಮಗಳ ಮದುವೆ; ಮಾತ್ರೆ ಶುರುವಾದ ಮೇಲೆ ಅವನು ಹಿಡಿದ ಮೊದಲ ಅಡುಗೆ. ಸಾರು ಕುದಿಯುತ್ತಿದ್ದಾಗ ನಿಜಾಮುದ್ದೀನ ಅಂಗೈ ನೆಕ್ಕಿದವನೇ ಹೌಹಾರಿದ.

"ಸಾಕು! ಉಪ್ಪು ಜಾಸ್ತಿ ಆತು!"

"ಉಸ್ತಾದ, ಇನ್ನಾ ಅರ್ಧಾನೂ ಹಾಕಿಲ್ರಿ," ಎಂದರು ಕೈಕೆಳಗಿನವರು.

"ನಿಮ್ಮ ನಾಲಿಗಿ ದೊಡ್ಡದೋ, ನಂದು ದೊಡ್ಡದೋ?"

ಮೊದಲ ಪಂಕ್ತಿ ಕೂತ ಐದು ನಿಮಿಷಕ್ಕೆ ಎಲ್ಲೆಡೆಯಿಂದ ಒಂದೇ ಕೂಗು: ಉಪ್ಪು! ಇಸ್ಮಾಯಿಲ ಒಲೆಯ ಹತ್ತಿರ ಓಡಿ ಬಂದ.

"ಏನ್ರಿ ಉಸ್ತಾದ, ನನ್ನ ಮಂದಿಗೆಲ್ಲಾ ಬಿಪಿ ಬಂದೈತೇನ್ರಿ? ಬೀಗರು ಎರಡನೇ ಪಂಕ್ತಿಗಿ ಕೂಡವರದಾರ. ನನ್ನ ಮರ್ಯಾದಿ ನಿಮ್ಮ ಕೈಯಾಗೈತಿ."

ನಿಜಾಮುದ್ದೀನ ಮತ್ತೆ ನೆಕ್ಕಿದ. ಅವನಿಗೆ ಈಗಲೂ ಉಪ್ಪುಪ್ಪೇ. ಮೂವತ್ತು ವರ್ಷ ಅನ್ನ ಹಾಕಿದ ನಾಲಿಗೆ ಡಾಕ್ಟರ ಕಡೆ ಸೇರಿಬಿಟ್ಟಿತ್ತು. ಹಂಡೆಯ ಮುಂದೆ ನಿಂತು ಹೀಗೆ ದಿಕ್ಕು ತೋಚದಂತಾದದ್ದು ಅವನಿಗೆ ಇದೇ ಮೊದಲು. ಹೆಂಗಸರ ಕಡೆ ಕೂತಿದ್ದ ಹುಸೇನಬಿಯನ್ನು ಕರೆಸಿದ. ಅವಳದೂ ಸಪ್ಪೆ ನಾಲಿಗೆಯೇ. ಆದರೆ ಈ ನಾಚಿಕೆಯನ್ನು ಇನ್ನಾರ ಮುಂದೆ ಹೇಳಿಕೊಳ್ಳುವುದು?

ಹುಸೇನಬಿ ಅಂಗೈಗೆ ಹನಿ ಬಿಟ್ಟುಕೊಂಡಳು. "ನಾಕು ಮುಟಗಿ ಹಾಕ್ರಿ." ಮತ್ತೆ ನೋಡಿದಳು. "ಇನ್ನೊಂದು. ಹ್ಞಾಂ, ಸಾಕು."

ಬೀಗರು ಎರಡೆರಡು ಸಲ ಸಾರು ಹಾಕಿಸಿಕೊಂಡರು.

ಊರಿಗೆ ಮರಳುವಾಗ ಟಂಟಂ ರಿಕ್ಷಾದಲ್ಲಿ ನಿಜಾಮುದ್ದೀನ ಹೆಂಡತಿಯ ಕಡೆ ತಿರುಗಿದ.

"ಅಲ್ಲಾ, ಮೂರು ತಿಂಗಳ ಸಪ್ಪಂದು ಉಂಡಾಕಿಗಿ ಉಪ್ಪು ಹೆಂಗ ತಿಳೀತು?"

ಹುಸೇನಬಿ ಸೆರಗು ಸರಿಪಡಿಸಿಕೊಂಡಳು. "ನಿಮ್ಮ ಮುಂದ ಸಪ್ಪಂದ ಉಂಡೇನ್ರಿ, ಖರೇನ. ನೀವು ವಾಕಿಂಗ್ ಹೋದ ಮ್ಯಾಲ ಒಂದು ಕಟಕ ರೊಟ್ಟಿ, ಮಾವಿನ ಉಪ್ಪಿನಕಾಯಿ..."

"ದಿನಾ?"

"ಮೊದಲ ಅರ್ಧಾ ತಾಸು ಸಾಕಾಗತಿತ್ತು."

ಅವನಿಗೆ ಆ ಇನ್ನೊಂದು ಸುತ್ತಿನ ಅರ್ಥ ಆಗ ಹೊಳೆಯಿತು. ಸಿಟ್ಟು ಬಂತು, ಸಿಟ್ಟು ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದೂ ನೆನಪಾಯಿತು. ಮರುದಿನ ಅವಳನ್ನೇ ಅವರ ಬಳಿ ಕರೆದೊಯ್ದ. ನೂರಾ ಇಪ್ಪತ್ತಕ್ಕೆ ಎಂಬತ್ತು! ಯಂತ್ರದ ಮೇಲಿನ ಹಳೆಯ ತಕರಾರು ಮತ್ತೆ ಹುಟ್ಟಿತು.

ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಅವಳನ್ನೇ ನೋಡಿದ. ಸಪ್ಪೆ ಪಲ್ಯವನ್ನು ಮುಖ ಕಿವುಚದೆ ಉಣ್ಣುತ್ತಿದ್ದಳು. ಮುಗಿದ ಮೇಲೆ ಇನ್ನಷ್ಟು ಹಾಕಿಕೊಂಡಳು.

ಬೆಳಿಗ್ಗೆ ಬಬಲೇಶ್ವರದಿಂದ ಫೋನು ಬಂತು. "ಕಾಕಾ, ಮುಂದಿನ ವಾರ ಮದವಿ ಅಡಿಗಿ ಐತ್ರಿ. ಕಾಕೂನ್ನ ಮರೀದ ಕರಕೊಂಡ ಬರ್ರಿ. ನಿಮಗ ಆರಾಮ ಇಲ್ಲಂದ್ರ ಅವರೊಬ್ಬರ ಬಂದ್ರೂ ನಡೀತೈತ್ರಿ."

ನಿಜಾಮುದ್ದೀನ ಫೋನು ಇಟ್ಟು ಬೂಟು ಹಾಕಿಕೊಂಡ.

"ಇನ್ನೊಂದು ಸುತ್ತು ಹಾಕ್ರಿ," ಎಂದಳು ಹುಸೇನಬಿ.

ಹಾಕಿದ. ವಾಪಸು ಬಂದು ಹೊಸ್ತಿಲ ಹೊರಗೆ ನಿಂತು ಎರಡು ಸಲ ಜೋರಾಗಿ ಕೆಮ್ಮಿದ. ಒಳಗೆ ಭರಣಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿದ ಮೇಲೆಯೇ ಬಾಗಿಲು ತಳ್ಳಿದ.